ತಟ್ಟೆಯ ಮೇಲೆ ನಿಲ್ಲುವ ಸಿಹಿ

2025ರ ಮಾರ್ಚ್ ಒಂಬತ್ತು, ಭಾನುವಾರ, ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷ. ಆಗ ಅಕ್ಕನ ತೂಕ ನಲವತ್ತೈದು ಕಿಲೋ ಇನ್ನೂರು ಗ್ರಾಂ ಇತ್ತು.

ತೂಕದ ಯಂತ್ರದ ಮೇಲೆ ಅವಳು ಒಬ್ಬಳೇ ನಿಲ್ಲಲಾರಳು. ಹಾಗಾಗಿ ಮೊದಲು ಅವಳನ್ನು ಎತ್ತಿಕೊಂಡು ನಾನು ನಿಲ್ಲುತ್ತಿದ್ದೆ, ಆಮೇಲೆ ನಾನೊಬ್ಬನೇ. ಕಳೆದು ಉಳಿದದ್ದು ಅಕ್ಕ. ಬಗ್ಗಿ ಅಂಕಿ ಓದುವ ಕೆಲಸ ನನ್ನ ಹೆಂಡತಿಯದು. ಅವಳು ಬಸ್ ಕಂಡಕ್ಟರ್. ಮನೆಯಲ್ಲೂ ಮೂರನೇ ಸೀಟಿನಾಚೆಗೆ ಕೇಳಿಸುವ ಹಾಗೆಯೇ ಮಾತಾಡುತ್ತಾಳೆ.

“ಅಕ್ಕ ಇಳೀತಾ ಇದಾರೆ, ನೀವು ಏರ್ತಾ ಇದೀರ. ಅವರು ಬಿಟ್ಟಿದ್ದೆಲ್ಲ ನೀವೇ ಮುಗಿಸ್ತೀರೇನ್ರೀ?”

“ಅವನು ಚಿಕ್ಕಂದಿನಿಂದ ಹಾಗೇ ಕಣೆ,” ಎಂದಳು ಅಕ್ಕ ನನ್ನ ಹೆಗಲ ಮೇಲಿಂದ. “ನನ್ನ ತಟ್ಟೆ ಖಾಲಿ ಮಾಡೀನೇ ಬೆಳೆದಿದ್ದು.”

ನವೆಂಬರಿನಲ್ಲಿ ಅವಳಿಗೆ ಪಾರ್ಶ್ವವಾಯು ಬಡಿದಿತ್ತು. ಮಾತು ಒಂದೊಂದೇ ಪದವಾಗಿ, ಮೆಟ್ಟಿಲು ಇಳಿಯುವವರ ಹಾಗೆ ಬರುತ್ತಿತ್ತು, ಆದರೆ ಒಂದರ ಮೊನೆಯೂ ಮೊಂಡಾಗಿರಲಿಲ್ಲ. ಕೈಕಾಲಿಗಿಂತ ಹೆಚ್ಚು ಪೆಟ್ಟು ಬಿದ್ದದ್ದು ಗಂಟಲಿಗೆ. ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಬೇಕು. ಅವಳಿಗೆ ಅದು ಮುಚ್ಚುವುದು ಅರೆಕ್ಷಣ ತಡ. ತೆಳುವಾದದ್ದು ಏನೇ ಇರಲಿ, ಆ ಅರೆಕ್ಷಣದಲ್ಲಿ ನುಸುಳಿ ಶ್ವಾಸಕೋಶಕ್ಕೆ ಇಳಿಯುತ್ತದೆ. ದಪ್ಪಗಿರುವುದು ನಿಧಾನವಾಗಿ ಜಾರುತ್ತದೆ, ಅಷ್ಟರಲ್ಲಿ ಮುಚ್ಚಳ ಬೀಳುತ್ತದೆ. ಆದ್ದರಿಂದ ನೀರಿಗೂ ಚಹಾಕ್ಕೂ ದಪ್ಪ ಮಾಡುವ ಪುಡಿ ಬೆರೆಸಿ ಚಮಚದಲ್ಲಿ ಕೊಡಬೇಕು, ಉಳಿದದ್ದೆಲ್ಲ ಮಿಕ್ಸಿಯಲ್ಲಿ ನುಣ್ಣಗಾಗಬೇಕು.

ಜನವರಿಯಲ್ಲಿ ಒಂದು ಸಲ ಹಾಗೆ ನುಸುಳಿ ಸೋಂಕಾಗಿತ್ತು. ಆಗಲೇ ಡಾಕ್ಟರು ಎರಡು ಗೆರೆ ಎಳೆದಿದ್ದರು. ಇನ್ನೊಂದು ಸಲ ಸೋಂಕಾದರೆ, ಇಲ್ಲವೇ ತೂಕ ನಲವತ್ತೈದಕ್ಕಿಂತ ಕೆಳಗೆ ಹೋದರೆ, ಹೊಟ್ಟೆಗೆ ನೇರವಾಗಿ ಕೊಳವೆ. ಬಾಯಿಂದ ಒಂದು ಹನಿಯೂ ಇಲ್ಲ.

“ಬಾಯಿಗೆ ಬೀಗ ಹಾಕಿ ಹೊಟ್ಟೆಗೆ ಬಾಗಿಲು ಇಡ್ತಾರಂತೆ,” ಎಂದು ಅಕ್ಕ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು. ಅವರು ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡುತ್ತಿದ್ದರು.

ಅವಳು ಇಪ್ಪತ್ತಾರು ವರ್ಷ ಬಣ್ಣದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹಿರಿಯ ಅಡುಗೆಯವಳಾಗಿದ್ದಳು. ದಿನಕ್ಕೆ ಮುನ್ನೂರು ಜನ. ಅದೇ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಾನು ಬಣ್ಣದ ದಪ್ಪ ಅಳೆಯುವವನು. ತಳದಲ್ಲಿ ತೂತಿರುವ ಒಂದು ಬಟ್ಟಲಿದೆ. ಬಣ್ಣ ತುಂಬಿ, ಬೆರಳು ತೆಗೆದು, ಧಾರೆ ಕಡಿಯುವ ತನಕ ಸೆಕೆಂಡು ಎಣಿಸಬೇಕು. ಇಪ್ಪತ್ತೆರಡು ವರ್ಷದಿಂದ ಅದೇ ನನ್ನ ಹೊಟ್ಟೆಪಾಡು. ಒಂದು ಪದಾರ್ಥ ಎಷ್ಟು ಬೇಗ ಹರಿಯುತ್ತದೆ ಎಂಬುದರ ಮೇಲೆ ಅಕ್ಕನ ಜೀವ ನಿಂತಿದೆ ಎಂದು ತಿಳಿದ ದಿನ, ಹೇಳಬಾರದು, ನನಗೆ ಒಂದು ಥರದ ಧೈರ್ಯವೇ ಬಂದಿತ್ತು. ಇದು ನನಗೆ ಗೊತ್ತಿರುವ ಕೆಲಸ ಎಂದುಕೊಂಡಿದ್ದೆ.

ಆದರೆ ದಪ್ಪ ಸರಿಯಾಗಿದ್ದರೆ ಸಾಲದು, ತಿನ್ನಬೇಕಲ್ಲ. ಅನ್ನ, ಆಲೂಗಡ್ಡೆ, ಕ್ಯಾರೆಟ್, ಏನು ಹಾಕಿದರೂ ಮಿಕ್ಸಿಯಿಂದ ಹೊರಬರುವಾಗ ಒಂದೇ ಮುಖ. ಅಕ್ಕ ಮೂರು ಚಮಚಕ್ಕೆ ತುಟಿ ಬಿಗಿಯುತ್ತಿದ್ದಳು.

“ಇದನ್ನ ನಿನ್ನ ಫ್ಯಾಕ್ಟರಿಗೆ ತಗೊಂಡು ಹೋಗು. ಗೋಡೆಗೆ ಚೆನ್ನಾಗಿ ಕೂರುತ್ತೆ.”

“ಅಕ್ಕಾ, ಇನ್ನೆರಡೇ ಚಮಚ.”

“ಪುಟ್ಟಾ, ತಟ್ಟೆ ಮೇಲೆ ನಿಲ್ಲೋದು ಏನಾದ್ರೂ ಕೊಡೋ. ಬಟ್ಟಲಲ್ಲಿ ತಿಂದೂ ತಿಂದೂ ನಾನೇನು ಬೆಕ್ಕಾ?”

ನನಗೆ ಐವತ್ತೊಂದು. ಅವಳಿಗೆ ನಾನು ಈಗಲೂ ಪುಟ್ಟ.

ಶನಿವಾರ ಸಂಜೆ ಹೆಂಡತಿ ತಂದ ಸಕ್ಕರೆ ಹಾಕಿ ಬತ್ತಿಸಿದ ಗಟ್ಟಿಹಾಲಿನ ಡಬ್ಬಿಯ ಸುತ್ತ ಒಂದು ಕಾಗದವಿತ್ತು. ‘ಸಿಹಿಗುಂಬಳದ ಸುಲಭ ಸಿಹಿ. ಓವನ್ ಬೇಡ, ಅರ್ಧ ಗಂಟೆಯ ಕೆಲಸ, ಉಳಿದದ್ದು ಫ್ರಿಜ್ಜಿನದು.’ ಚಿತ್ರದಲ್ಲಿ ಕಿತ್ತಳೆ ಬಣ್ಣದ ಚಿಕ್ಕ ಗೋಪುರವೊಂದು ಬಿಳಿ ತಟ್ಟೆಯ ಮೇಲೆ ನೆಟ್ಟಗೆ ನಿಂತಿತ್ತು. ಅಕ್ಕ ಆ ಕಾಗದವನ್ನು ಬಲವಿದ್ದ ಎಡಗೈಯಲ್ಲಿ ಹಿಡಿದುಕೊಂಡು ಕನ್ನಡಕ ಸರಿಮಾಡಿಸಿಕೊಂಡು ಎರಡು ಸಲ ಓದಿದಳು.

“ಇದು,” ಎಂದಳು.

ಭಾನುವಾರ ತೂಕ ನೋಡಿದ ಮೇಲೆ ಕೆಲಸ ಶುರುಮಾಡಿದೆ. ಅಕ್ಕನ ಗಾಲಿಕುರ್ಚಿ ಅಡುಗೆಮನೆಯ ಬಾಗಿಲಿಗೆ ಅಡ್ಡ. ಅವಳು ಅಲ್ಲಿ ಕೂತರೆ ಯಾರೂ ಒಳಗೆ ಬರಲಾಗದು, ನಾನು ಹೊರಗೆ ಹೋಗಲಾಗದು.

“ಕುಕ್ಕರಿಗೆ ತುರುಕಬೇಡ, ನೀರು ಕುಡಿಯುತ್ತೆ. ಹಬೇಲಿ ಬೇಯಿಸು. ಸಿಪ್ಪೆ ಈಗ ತೆಗೀಬೇಡ. ಏ, ಸಿಪ್ಪೆ ಈಗ ತೆಗೀಬೇಡ ಅಂದೆ.”

“ತೆಗೀತಿಲ್ಲಕ್ಕ, ಹೋಳು ಮಾಡ್ತಿದೀನಿ.”

“ಸ್ಕೇಲು ಇಟ್ಕೊಂಡು ಹೋಳು ಮಾಡೋನನ್ನ ಇವತ್ತೇ ನೋಡಿದ್ದು.”

ಸ್ಕೇಲು ಇಟ್ಟದ್ದು ನಿಜ. ಹೋಳುಗಳು ಒಂದೇ ಅಳತೆ ಇದ್ದರೆ ಒಂದೇ ಹೊತ್ತಿಗೆ ಬೇಯುತ್ತವೆ. ಹದಿನೆಂಟು ನಿಮಿಷಕ್ಕೆ ಚಾಕು ಸಲೀಸಾಗಿ ಇಳಿಯಿತು. ಸಿಪ್ಪೆ ತೆಗೆದು, ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ನಾರು ಗಂಟಲಿಗೆ ಸಿಗಬಾರದೆಂದು ಬಟ್ಟೆಯಲ್ಲಿ ಎರಡು ಸಲ ಹಿಂಡಿ ಸೋಸಿದೆ. ಡಬ್ಬಿಯ ಕಾಗದದಲ್ಲಿ ತಳಕ್ಕೆ ಬಿಸ್ಕತ್ತಿನ ಪುಡಿ ಒತ್ತಬೇಕೆಂದಿತ್ತು. ಒಣ ಪುಡಿ ಅಕ್ಕನಿಗೆ ಅಪಾಯ. ಅದನ್ನು ಬಿಟ್ಟೆ. ಬಿಟ್ಟದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ ಎಂದರೂ ಸರಿಯೆ.

ಸೋಸಿದ ಸಿಹಿಗುಂಬಳ ನಾನೂರು ಗ್ರಾಂ. ಕ್ರೀಂ ಇನ್ನೂರೈವತ್ತು. ಗಟ್ಟಿಹಾಲು ನೂರೈವತ್ತು. ಜೆಲಟಿನ್ ಎಂಟು ಗ್ರಾಂ, ಪೊಟ್ಟಣದಲ್ಲಿ ಬಂದಷ್ಟು. ಒಟ್ಟು ಒಂಬೈನೂರಕ್ಕೆ ಸರಿಹೋಗಲೆಂದು ನೀರು ತೊಂಬತ್ತೆರಡು. ತಣ್ಣೀರಿನ ಮೇಲೆ ಜೆಲಟಿನ್ ಉದುರಿಸಿದಾಗ ಅದು ನೆನೆದ ಮರಳಿನ ಹಾಗೆ ಉಬ್ಬಿತು.

“ಅದೇನೋ ಪುಡಿ?”

“ಗಟ್ಟಿ ಮಾಡೋದಕ್ಕಕ್ಕಾ.”

“ನುಂಗೋ ಟೀಚರ್ ಕೊಟ್ಟಿದ್ದಾ?”

“ಅಂಥದ್ದೇ.”

ನುಂಗುವುದನ್ನು ಕಲಿಸಲು ಆಸ್ಪತ್ರೆಯಲ್ಲಿ ಒಬ್ಬ ಥೆರಪಿಸ್ಟ್ ಇದ್ದಳು, ಇಪ್ಪತ್ತೆಂಟು ಇರಬಹುದು. ಅಕ್ಕ ಅವಳಿಗೆ ಇಟ್ಟ ಹೆಸರು ನುಂಗೋ ಟೀಚರ್. ಕ್ಯಾಂಟೀನಿನಲ್ಲಿ ಅಕ್ಕ ಸಿಹಿ ಗಟ್ಟಿಮಾಡುತ್ತಿದ್ದದ್ದು ಜೋಳದ ಹಿಟ್ಟಿನಿಂದ. ಜೆಲಟಿನ್ ಅವಳ ಕೈಗೆ ಬಂದೇ ಇರಲಿಲ್ಲ. ನಾನು ‘ಅಂಥದ್ದೇ’ ಎಂದದ್ದನ್ನು ಅವಳು ಒಪ್ಪಿಕೊಂಡಳು.

ಬಿಸಿನೀರಿನ ಮೇಲೆ ಬಟ್ಟಲಿಟ್ಟು ಅದನ್ನು ಕರಗಿಸಿ, ಬೆಚ್ಚಗಿದ್ದ ಸಿಹಿಗುಂಬಳಕ್ಕೆ ಸೇರಿಸಿ, ಗಟ್ಟಿಹಾಲು ಸುರಿದು, ಕೊನೆಗೆ ಕ್ರೀಂ ಬೆರೆಸಿ ಎಂಟು ಸಣ್ಣ ಸ್ಟೀಲ್ ಲೋಟಗಳಿಗೆ ತುಂಬಿದೆ. ಒಂಬತ್ತೂವರೆಗೆ ಫ್ರಿಜ್ಜಿನ ಬಾಗಿಲು ಮುಚ್ಚಿತು.

ಮೂರೂವರೆಗೆ ಒಂದು ಲೋಟವನ್ನು ಬಿಸಿನೀರಿನಲ್ಲಿ ಅದ್ದಿ ತಟ್ಟೆಯ ಮೇಲೆ ಬೋರಲು ಹಾಕಿದೆ. ಮೇಜಿನ ಮೇಲೆ ಅದು ನಿಂತಿತು. ಅಕ್ಕ ಚಮಚಕ್ಕೆ ಕೈ ಚಾಚಿದಳು. ನಾನು ತಡೆದೆ.

ಫ್ರಿಜ್ಜಿನಿಂದ ತೆಗೆದ ಕೂಡಲೇ ಯಾವುದನ್ನು ಅಳೆದರೂ ಮೋಸ, ತಣ್ಣಗಿದ್ದಾಗ ಎಲ್ಲವೂ ಗಟ್ಟಿಯೇ. ನಮ್ಮ ಪ್ರಯೋಗಾಲಯದಲ್ಲಿ ಬಣ್ಣ ಯಾವ ಊರಿಗೆ ಹೋಗಲಿ, ಯಾವ ಗೋಡೆಗೆ ಹತ್ತಲಿ, ಇಪ್ಪತ್ತೈದು ಡಿಗ್ರಿಗೆ ತಂದೇ ಅಳೆಯಬೇಕು. ಥರ್ಮಾಮೀಟರ್ ಚುಚ್ಚಿ ಕಾಯುತ್ತ ಕೂತೆ. ನಲವತ್ತು ನಿಮಿಷ ಹಿಡಿಯಿತು.

“ಫೋಟೋ ತೆಗೆಸಿಕೊಳ್ಳೋ ಮದುಮಗಳ ಥರ ಕೂರಿಸಿದೀಯಲ್ಲೋ ಅದನ್ನ.”

“ಇನ್ನು ಒಂದೂವರೆ ಡಿಗ್ರಿ ಅಕ್ಕಾ.”

“ನಾನು ಸತ್ತ ಮೇಲೆ ನನಗೂ ಚುಚ್ಚಿ ನೋಡ್ತೀಯ, ಸರಿಯಾಗಿ ಸತ್ತಳೋ ಇಲ್ವೋ ಅಂತ.”

ಇಪ್ಪತ್ತೈದು ತೋರಿಸಿದಾಗ ಅಂಚು ಸ್ವಲ್ಪ ಮೆತ್ತಗಾಗಿತ್ತು, ಆದರೆ ನಿಂತೇ ಇತ್ತು. ಟೀಚರ್ ಹೇಳಿಕೊಟ್ಟಿದ್ದ ಎರಡು ಪರೀಕ್ಷೆ ಮಾಡಿದೆ. ಮುಳ್ಳುಚಮಚದ ಮೇಲೆ ಒಂದು ಗುಪ್ಪೆ ಇಟ್ಟರೆ ಹಲ್ಲುಗಳ ಸಂದಿಯಿಂದ ತೊಟ್ಟಿಕ್ಕಬಾರದು, ತೊಟ್ಟಿಕ್ಕಲಿಲ್ಲ. ಚಮಚ ಓರೆ ಮಾಡಿದರೆ ಇಡಿಯಾಗಿ ಜಾರಬೇಕು, ಜಾರಿತು. ಫೋಟೋ ತೆಗೆದು ಅವಳಿಗೆ ಕಳಿಸಿದೆ. ಹನ್ನೊಂದು ನಿಮಿಷಕ್ಕೆ ಉತ್ತರ ಬಂತು: ‘ತುಂಬಾ ಚೆನ್ನಾಗಿ ನಿಂತಿದೆ! ಏನೇನು ಹಾಕಿದ್ದೀರಿ?’

ನಾನು ಬರೆದೆ: ‘ಸಿಹಿಗುಂಬಳ 44, ಕ್ರೀಂ 28, ಗಟ್ಟಿಹಾಲು 17, ನೀರು 10, ಇತರೆ 1. ಒಟ್ಟು 100.’

ಬಣ್ಣದ ಪಟ್ಟಿ ಬರೆಯುವ ಕ್ರಮ ಅದು. ಶೇಕಡಾ ಒಂದಕ್ಕಿಂತ ಕಡಿಮೆ ಇರುವುದನ್ನು ಒಂದೊಂದಾಗಿ ಬರೆಯುವುದಿಲ್ಲ, ನೊರೆ ಒಡೆಯುವುದು, ಬೂಸ್ಟು ತಡೆಯುವುದು, ಎಲ್ಲವನ್ನೂ ‘ಇತರೆ’ ಎಂಬ ಒಂದೇ ಸಾಲಿಗೆ ಹಾಕುತ್ತೇವೆ. ಜೆಲಟಿನ್ ಸೊನ್ನೆ ಬಿಂದು ಒಂಬತ್ತು. ಬರೆಯುವಾಗ ನನ್ನ ಬೆರಳು ತಡವರಿಸಲೂ ಇಲ್ಲ. ಏನನ್ನೂ ಮುಚ್ಚಿಡುತ್ತಿದ್ದೇನೆ ಎಂದು ನನಗೆ ಅನಿಸಲಿಲ್ಲ. ಒಟ್ಟು ನೂರು ಬಂದಿತ್ತಲ್ಲ.

ಅವಳು ಹೆಬ್ಬೆರಳೆತ್ತಿದ ಗುರುತು ಕಳಿಸಿದಳು.

ಅಕ್ಕನ ಬೆನ್ನು ನೆಟ್ಟಗೆ ಮಾಡಿ, ಗದ್ದ ಎದೆಗೆ ಬಾಗಿಸಿ, ಚಿಕ್ಕ ಚಮಚದಲ್ಲಿ ಕೊಡತೊಡಗಿದೆ. ಪ್ರತಿ ಚಮಚಕ್ಕೂ ಎರಡು ಸಲ ನುಂಗಬೇಕು, ಆಮೇಲೆ ‘ಆ’ ಎನ್ನಬೇಕು. ದನಿ ಒದ್ದೆಯಾಗಿ ಗೊರಗೊರ ಎಂದರೆ ನಿಲ್ಲಿಸಬೇಕು. ಅಕ್ಕನ ‘ಆ’ ಒಣಗಿದ ತಟ್ಟೆಯ ಹಾಗೆ ಸ್ವಚ್ಛವಾಗಿತ್ತು. ಒಂದು ಕೆಮ್ಮು ಇಲ್ಲ. ಹನ್ನೆರಡನೇ ಚಮಚದ ತನಕ ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು.

“ಪುಟ್ಟಾ,” ಎಂದಳು. “ಬಾಯಲ್ಲಿಟ್ರೆ ಕರಗಿ ಹೋಗ್ತಿದೆ ಕಣೋ.”

ಅಡುಗೆಯವಳಾಗಿ ಅವಳು ಇನ್ನೊಬ್ಬರ ಕೈಯಡುಗೆಗೆ ಆ ಮಾತು ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ನಾನು ನೋಟ್‌ಬುಕ್ಕಿನಲ್ಲಿ ಬರೆದೆ: ‘12 ಚಮಚ. ಕೆಮ್ಮು ಇಲ್ಲ. ದನಿ ಸ್ವಚ್ಛ. ಬಾಯಲ್ಲಿ ಕರಗುತ್ತದೆ.’ ಆ ಪುಟ ಈಗಲೂ ಇದೆ. ನನ್ನದೇ ಕೈಬರಹ.

ಸೋಮವಾರದಿಂದ ದಿನಕ್ಕೆ ಎರಡು ಲೋಟ. ಸಿಹಿಯ ಆಸೆಗೆ ಮಿಕ್ಸಿಯ ಊಟವನ್ನೂ ನಾಲ್ಕು ಚಮಚ ಹೆಚ್ಚು ತಿಂದಳು. ಬುಧವಾರ ಇನ್ನೊಂದು ಸಲ ಮಾಡಿದೆ, ಅದೇ ಅಳತೆ. ಶುಕ್ರವಾರ ಬೆಳಗ್ಗೆ ಎತ್ತಿಕೊಂಡು ನಿಂತು, ಒಬ್ಬನೇ ನಿಂತು, ಕಳೆದಾಗ ನಲವತ್ತೈದು ಕಿಲೋ ಒಂಬೈನೂರು ಗ್ರಾಂ.

“ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ,” ಎಂದು ಹೆಂಡತಿ ಕಂಡಕ್ಟರ್ ಗಂಟಲಿನಲ್ಲೇ ಕೂಗಿ ಅಕ್ಕನ ಹೊಟ್ಟೆ ತಟ್ಟಿದಳು.

“ಸೀಟಿ ಊದು, ಬಸ್ಸು ಹೊರಡಲಿ,” ಎಂದಳು ಅಕ್ಕ.

ಶನಿವಾರ ಬೆಳಗಿನ ಐದು ಇಪ್ಪತ್ತಕ್ಕೆ ಅವಳ ಮೈ ಮೂವತ್ತೆಂಟು ಬಿಂದು ಆರು ಡಿಗ್ರಿ ಸುಡುತ್ತಿತ್ತು. ಉಸಿರು ನಿಮಿಷಕ್ಕೆ ಮೂವತ್ತೆರಡು. ಎರಡು ಸಲ ಎಣಿಸಿದೆ, ಎರಡು ಸಲವೂ ಅಷ್ಟೆ.

ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆದರು. ಬಲಗಡೆ, ಕೆಳಗೆ, ಬಿಳಿ. ಜನವರಿಯಲ್ಲಿ ಕಂಡದ್ದೂ ಅದೇ ಜಾಗ. ಡ್ಯೂಟಿ ಡಾಕ್ಟರು ‘ಏನಾದ್ರೂ ನೀರು ಗೀರು ಕೊಟ್ರಾ?’ ಎಂದು ಕೇಳಿದರು. ಇಲ್ಲ ಎಂದೆ. ಹೆಂಡತಿಯೂ ಇಲ್ಲ ಎಂದಳು. ಅವರು ನಂಬಲಿಲ್ಲ, ಬರುವವರೆಲ್ಲ ಹಾಗೇ ಹೇಳುತ್ತಾರೆ ಎಂಬಂತೆ ಬರೆದುಕೊಂಡರು.

ಹತ್ತು ಗಂಟೆಗೆ ಟೀಚರ್ ಬಂದಳು. ಮಂಚದ ಆಚೆ ನಿಂತು ನನ್ನ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದಳು. ಯಾರೂ ಅಷ್ಟು ನಿಧಾನವಾಗಿ ಅದನ್ನು ಓದಿರಲಿಲ್ಲ. ಭಾನುವಾರದ ಪುಟಕ್ಕೆ ಬಂದು ನಿಂತಳು.

“ಬಾಯಲ್ಲಿ ಕರಗುತ್ತದೆ ಅಂತ ಬರೆದಿದೀರಲ್ಲ, ಹಾಗಂದ್ರೆ?”

“ಅಕ್ಕ ಹೇಳಿದ್ದು. ರುಚಿಗೆ.”

“ಆ ಸಿಹಿಗೆ ಇತರೆ ಅಂತ ಏನೋ ಇತ್ತಲ್ಲ. ಏನದು?”

“ಜೆಲಟಿನ್. ಸೊನ್ನೆ ಬಿಂದು ಒಂಬತ್ತು.”

ಅವಳು ನೋಟ್‌ಬುಕ್ ಮುಚ್ಚಿದಳು. ಉಳಿದದ್ದು ಇದ್ದರೆ ತನ್ನಿ ಎಂದಳು. ಹೆಂಡತಿ ಆಟೋ ಹತ್ತಿ ಹೋಗಿ ಒಂದು ಲೋಟವನ್ನು ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಬಂದಳು. ಕಾರಿಡಾರಿನ ಕಿಟಕಿಯ ಹತ್ತಿರ ನಿಂತು ಟೀಚರ್ ಕೈ ತೊಳೆದುಕೊಂಡು ಒಂದು ಚಮಚವನ್ನು ತನ್ನ ಅಂಗೈ ಮೇಲೆ ಹಾಕಿಕೊಂಡು, ಇನ್ನೊಂದು ಅಂಗೈ ಮುಚ್ಚಿದಳು.

“ಬಾಯಿಯ ಬಿಸಿ ಮೂವತ್ತೇಳು,” ಎಂದಳು. ನನಗೆ ಪಾಠ ಹೇಳುವ ದನಿಯಲ್ಲಲ್ಲ. ಹೇಳಬೇಕಾಗಿ ಬಂತಲ್ಲ ಎನ್ನುವ ದನಿಯಲ್ಲಿ.

ಒಂದು ನಿಮಿಷವೂ ಆಗಿರಲಿಲ್ಲ. ಅವಳ ಬೆರಳುಗಳ ಸಂದಿಯಿಂದ ಕಿತ್ತಳೆ ಬಣ್ಣದ ಗೆರೆಯೊಂದು ಮಣಿಕಟ್ಟಿಗೆ ಇಳಿಯಿತು, ಅಲ್ಲಿಂದ ಮೊಣಕೈಗೆ. ಅಂಗೈ ತೆರೆದಾಗ ಒಳಗಿದ್ದದ್ದು ತೆಳು ಸೂಪು. ನಾನು ನಾರು ಹಿಂಡಿ ತೆಗೆದಷ್ಟೂ ಅದು ಸಲೀಸಾಗಿ ಹರಿಯುತ್ತಿತ್ತು.

“ಆದ್ರೆ ಅವರು ಕೆಮ್ಮಲೇ ಇಲ್ಲ,” ಎಂದೆ. “ಒಂದು ಸಲಾನೂ. ದನೀನೂ ಸ್ವಚ್ಛ ಇತ್ತು.”

“ಕೆಲವರಿಗೆ ಗಂಟಲಿಗೇ ಗೊತ್ತಾಗಲ್ಲ ಸರ್. ಒಳಗೆ ಹೋಗ್ತಾನೇ ಇರುತ್ತೆ, ಕೆಮ್ಮು ಬರಲ್ಲ. ಜನವರೀಲಿ ಬಂದಿತ್ತು. ಈಗ ಅದೂ ಮಂದ ಆಗಿದೆ.” ಅವಳು ನಲ್ಲಿಯ ಕೆಳಗೆ ಕೈ ಹಿಡಿದಳು. “ನಾನು ಕೊಟ್ಟ ಹಾಳೇಲಿತ್ತು, ಬಾಯಲ್ಲಿ ನೀರಾಗೋದು ಬೇಡ ಅಂತ. ಐಸ್‌ಕ್ರೀಂ, ಜೆಲ್ಲಿ. ಜೆಲ್ಲಿ ಅಂದ್ರೆ ಇದೇ ಜೆಲಟಿನ್.”

ಓದಿದ್ದೆ. ಜೆಲ್ಲಿ ಎಂದಾಗ ಕೆಂಪಗೆ ಅಲುಗಾಡುವ, ಆಚೆ ಬದಿ ಕಾಣುವ ಒಂದು ವಸ್ತು ನನ್ನ ಕಣ್ಣ ಮುಂದೆ ಬಂದಿತ್ತು. ಅದರ ಮುಂದೆ ಸರಿ ಗುರುತನ್ನೂ ಹಾಕಿದ್ದೆ, ಕೊಡುವುದಿಲ್ಲ ಎಂದು.

“ನಾನೂ ಕೇಳಬೇಕಿತ್ತು, ಇತರೆ ಅಂದ್ರೆ ಏನು ಅಂತ,” ಎಂದಳು ಅವಳು. “ಆವತ್ತು ಭಾನುವಾರ. ಬಟ್ಟೆ ಒಣಗಿಸ್ತಾ ನೋಡಿದೆ.”

ಅವಳು ಬೈದಿದ್ದರೆ ನನಗೆ ಮಾತಾಡಲು ಏನಾದರೂ ಸಿಗುತ್ತಿತ್ತು.

ಮಧ್ಯಾಹ್ನ ದೊಡ್ಡ ಡಾಕ್ಟರು ಬಂದು ನಿಂತಲ್ಲೇ ಮುಗಿಸಿದರು. ಬಾಯಿಂದ ಇಂದಿನಿಂದಲೇ ಏನೂ ಇಲ್ಲ. ಸದ್ಯಕ್ಕೆ ಮೂಗಿನ ಕೊಳವೆ, ಸೋಂಕು ಇಳಿದ ಮೇಲೆ ಹೊಟ್ಟೆಗೆ. ಮೂರು ತಿಂಗಳ ನಂತರ ನುಂಗುವುದನ್ನು ಮತ್ತೆ ಪರೀಕ್ಷಿಸಬಹುದು. ‘ಬಹುದು’ ಎನ್ನುವಾಗ ಅವರು ಪೆನ್ನಿನ ಮುಚ್ಚಳ ಹಾಕುತ್ತಿದ್ದರು.

ಅಕ್ಕನಿಗೆ ನಾನೇ ಹೇಳಿದೆ. ಮೂರನೇ ದಿನ, ಜ್ವರ ಇಳಿದ ಮೇಲೆ. ಮೂಗಿನಲ್ಲಿ ಕೊಳವೆ, ಕೆನ್ನೆಯ ಮೇಲೆ ಅದನ್ನು ಹಿಡಿದಿಟ್ಟ ಬಿಳಿ ಪಟ್ಟಿ. ಒಂದನ್ನೂ ಬಿಡದೆ ಹೇಳಿದೆ: ಜೆಲಟಿನ್, ಇಪ್ಪತ್ತೈದು ಡಿಗ್ರಿ, ಇತರೆ. ಅವಳು ಬೇಸರವಾಯಿತೆಂದೋ, ಹೋಗಲಿ ಬಿಡು ಎಂದೋ ಅನ್ನುತ್ತಾಳೆ ಎಂದು ನಾನು ಕಾದಿದ್ದೆ ಎಂದು ಕಾಣುತ್ತದೆ. ಯಾಕೆಂದರೆ ಅವಳು ಹಾಗೆ ಅನ್ನದಿದ್ದಾಗ ನಾನು ಎಲ್ಲವನ್ನೂ ಮತ್ತೆ ಮೊದಲಿಂದ ಹೇಳತೊಡಗಿದೆ.

“ಒಂದು ಪರ್ಸೆಂಟ್ ಅಂದ್ರೆ ಲೆಕ್ಕಕ್ಕೇ ಇಲ್ವೇನೋ ನಿಂಗೆ?”

“ಪಟ್ಟಿ ಬರೆಯೋ ಕ್ರಮ ಅದು ಅಕ್ಕಾ.”

“ಮುನ್ನೂರು ಜನಕ್ಕೆ ಎಪ್ಪತ್ತೈದು ಲೀಟರ್ ಸೂಪು. ಅದಕ್ಕೆ ಆರುನೂರು ಗ್ರಾಂ ಉಪ್ಪು. ಎಷ್ಟಾಯ್ತು ಪರ್ಸೆಂಟು?”

ನಾನು ಅವಳ ಕೆನ್ನೆಯ ಪಟ್ಟಿ ಸರಿಮಾಡಲು ಕೈ ಚಾಚಿದೆ.

“ಹೇಳೋ.”

“ಸೊನ್ನೆ ಬಿಂದು ಎಂಟು.”

“ಇಪ್ಪತ್ತಾರು ವರ್ಷ ನಾನು ಮಾಡಿದ್ದು ಅದನ್ನೇ. ಆ ಸೊನ್ನೆ ಬಿಂದು ಎಂಟನ್ನ. ಉಳಿದಿದ್ದೆಲ್ಲ ನೀರು, ಯಾರು ಬೇಕಾದ್ರೂ ಕಾಯಿಸ್ತಾರೆ.” ಉಸಿರು ಸಾಲದೆ ನಿಲ್ಲಿಸಿದಳು. ಹೆಂಡತಿ ಬೆನ್ನು ಸವರಲು ಹೋದರೆ ಕೈ ತಳ್ಳಿದಳು. “ನಿನ್ನ ಲೆಕ್ಕದಲ್ಲಿ ನಾನು ಜೀವಮಾನ ಪೂರ್ತಿ ಮಾಡಿದ್ದು ಇತರೆ.”

ಹಿಂದಿನ ಮಂಚದ ರೋಗಿಯ ಮನೆಯವರು ಮಾತು ನಿಲ್ಲಿಸಿ ನಮ್ಮ ಕಡೆ ನೋಡುತ್ತಿದ್ದರು. ನಾನು ಹಾಸಿಗೆಯ ಅಂಚಿನ ಕಬ್ಬಿಣ ಹಿಡಿದುಕೊಂಡು ನಿಂತಿದ್ದೆ. ಅದರ ಬಣ್ಣ ಎರಡು ಕಡೆ ಎದ್ದಿತ್ತು.

ಆಮೇಲೆ ಅವಳ ದನಿ ಬದಲಾಯಿತು.

“ಫ್ರಿಜ್ಜಲ್ಲಿ ಇನ್ನೂ ಇದೆಯಾ?”

“ನಾಲ್ಕು ಲೋಟ ಇದೆ.”

“ಒಂದು ಚಮಚ ಕೊಡು. ಆಮೇಲೆ ಎಲ್ಲಿ ಬೇಕಾದ್ರೂ ತೂತು ಮಾಡಲಿ. ಸಹಿ ಹಾಕ್ತೀನಿ.”

“ಆಗಲ್ಲ ಅಕ್ಕಾ.”

“ಅರ್ಧ.”

“ಅಕ್ಕಾ.”

“ನುಂಗಲ್ಲ ಕಣೋ. ಬಾಯಲ್ಲಿಟ್ಟು ಉಗೀತೀನಿ. ನೀನೇ ಹಿಡ್ಕೋ ಬಟ್ಟಲು.”

ನಾನು ಟೀಚರನ್ನು ಕೇಳಲು ಹೋದೆ. ಹೋಗುವಾಗಲೇ ಉತ್ತರ ಗೊತ್ತಿತ್ತು. ಅದು ಕರಗುತ್ತದೆ. ಕರಗಿದ್ದು ಹಿಂದಕ್ಕೆ ಹರಿಯುತ್ತದೆ. ಉಗಿಯುವಷ್ಟರಲ್ಲಿ ಅರ್ಧ ಒಳಗಿರುತ್ತದೆ, ಅವಳಿಗದು ತಿಳಿಯುವುದೂ ಇಲ್ಲ. ಟೀಚರ್ ಅಷ್ಟನ್ನೇ ಹೇಳಿ, ಗುಲಾಬಿ ಬಣ್ಣದ ಸ್ಪಂಜು ಸಿಕ್ಕಿಸಿದ ಕಡ್ಡಿಗಳ ಒಂದು ಕಟ್ಟು ಕೊಟ್ಟಳು. ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ತುಟಿ ಒರೆಸಬಹುದು. ನೀರಿನಲ್ಲಿ ಮಾತ್ರ.

ಅಕ್ಕ ಕಡ್ಡಿಯನ್ನು ನೋಡಿದಳು, ನನ್ನನ್ನು ನೋಡಿದಳು, ಗೋಡೆಯ ಕಡೆ ತಿರುಗಿದಳು. ಮನೆಗೆ ಹೋಗಿ ಉಳಿದ ಲೋಟಗಳನ್ನು ಸಿಂಕಿಗೆ ಸುರಿದೆ. ಗಟ್ಟಿಯಾಗಿತ್ತು, ಜಾರಲಿಲ್ಲ. ಬಿಸಿನೀರು ಬಿಟ್ಟೆ.

ಆ ಸಂಜೆ ಹೆಂಡತಿ ಕೇಳಿದಳು, “ನೀವೇನು ಬೇಕಂತ ಮಾಡಿದ್ರಾ?”

“ಇಲ್ಲ.”

“ಮತ್ತೆ?”

“ಬೇಕಂತ ಮಾಡಿದ್ದಿದ್ರೆ, ಎಲ್ಲಾದ್ರೂ ಒಂದು ಕಡೆ ಕೈ ನಿಲ್ತಿತ್ತು.”

ಅವಳು ನಾಳೆಯ ಡ್ಯೂಟಿಗೆ ಯೂನಿಫಾರ್ಮು ಇಸ್ತ್ರಿ ಮಾಡುತ್ತಿದ್ದಳು. ಒಂದೇ ತೋಳನ್ನು ಮೂರು ಸಲ ಮಾಡಿದಳು.

ಇಪ್ಪತ್ತಾರನೇ ತಾರೀಕು ಬುಧವಾರ ಹೊಟ್ಟೆಗೆ ಕೊಳವೆ ಇಟ್ಟರು. ಒಪ್ಪಿಗೆಯ ಕಾಗದಕ್ಕೆ ಅಕ್ಕ ಎಡಗೈಯಲ್ಲಿ ಸಹಿ ಹಾಕಿದಳು. ಚಮಚದ ಮಾತು ಮತ್ತೆ ಎತ್ತಲಿಲ್ಲ. ನನ್ನೊಡನೆ ಬೇರೆ ಮಾತೂ ಕಡಿಮೆ. ನರ್ಸ್ ನನಗೆ ಎಲ್ಲ ತೋರಿಸಿಕೊಟ್ಟಳು: ಕೊಡುವ ಮೊದಲು, ಕೊಟ್ಟ ಮೇಲೆ ನೀರು ಹಾಯಿಸಬೇಕು, ತಲೆ ಎತ್ತರದಲ್ಲಿರಬೇಕು, ಸುತ್ತ ಒಣಗಿರಬೇಕು.

“ಕೊಳವೆ ಮೇಲೆ ಅಂಕಿ ಇದಾವೆ, ನೋಡಿ. ಚರ್ಮದ ಹತ್ತಿರ ಯಾವ ಅಂಕಿ ಇದೆ ಅಂತ ದಿನಾ ಬೆಳಗ್ಗೆ ಬರ್ಕೋಬೇಕು. ಒಳಗೆ ಹೋದ್ರೂ ತೊಂದ್ರೆ, ಹೊರಗೆ ಬಂದ್ರೂ ತೊಂದ್ರೆ. ಬದಲಾದ ಕೂಡಲೇ ಕರ್ಕೊಂಡು ಬನ್ನಿ.”

ಶನಿವಾರ ಮನೆಗೆ ಬಂದೆವು. ಮಧ್ಯಾಹ್ನ ನಾನೂ ಹೆಂಡತಿಯೂ ಅಡುಗೆಮನೆಯ ಬಾಗಿಲು ಹಾಕಿಕೊಂಡು, ತಟ್ಟೆ ಸದ್ದು ಮಾಡದೆ, ಕಳ್ಳರ ಹಾಗೆ ನಿಂತೇ ಉಣ್ಣುತ್ತಿದ್ದೆವು. ಈರುಳ್ಳಿ ಸ್ವಲ್ಪ ಸೀದಿತ್ತು.

“ಬಾಗಿಲು ತೆಗೀರೇ,” ಎಂದು ಕೋಣೆಯಿಂದ ಕೂಗು ಬಂತು. “ಮೂಗು ಇನ್ನೂ ನಂದೇ.”

ಹೆಂಡತಿ ಬಾಗಿಲು ತೆರೆದಳು.

“ಈರುಳ್ಳಿಗೆ ಉರಿ ಜಾಸ್ತಿ ಆಯ್ತು,” ಎಂದಳು ಅಕ್ಕ. “ಇನ್ನೂ ಮೂರು ನಿಮಿಷ ಮುಂಚೆ ಇಳಿಸಬೇಕಿತ್ತು. ಯಾರು ಮಾಡಿದ್ದು?”

“ನಾನು,” ಎಂದೆ.

“ಗೊತ್ತಾಯ್ತು.”

ಕೊನೆಯ ತುತ್ತು ಬಾಯಿಗಿಟ್ಟೆ. ನೀರು ಕುಡಿದೆ. ಇಳಿಯಿತು.

ಮರುದಿನ ಬೆಳಗ್ಗೆ ಏಳಕ್ಕೆ ಕೈ ತೊಳೆದುಕೊಂಡು ಅವಳ ಅಂಗಿ ಸರಿಸಿ, ಕನ್ನಡಕ ಹಾಕಿಕೊಂಡು ಬಗ್ಗಿದೆ. ಅವಳು ಚಾವಣಿ ನೋಡುತ್ತ ಮಲಗಿದ್ದಳು. ಅಂಕಿಯನ್ನು ಎರಡು ಸಲ ಓದಿಕೊಂಡೆ.

“ಎಷ್ಟು?” ಎಂದಳು.

“ಮೂರೂವರೆ.”

“ಏನು ಮೂರೂವರೆ? ಪೂರ್ತಿ ಹೇಳು.”

“ಮೂರೂವರೆ ಸೆಂಟಿಮೀಟರ್.”

“ಬರ್ಕೋ.”

ಹೊಸ ಪುಟ ತೆರೆದು, ತಾರೀಕು ಹಾಕಿ ಬರೆದೆ: 3.5 ಸೆಂಟಿಮೀಟರ್.